ಟ್ಯಾಕ್ರೋಲಿಮಸ್ ಪರೀಕ್ಷೆಗೆ ಮನೆಯಲ್ಲೇ ರಕ್ತಸಂಗ್ರಹ: ಹಾಸನದಿಂದ ಒಂದು ವಿಮರ್ಶೆ

ಕಿಡ್ನಿ ಕಸಿ ಮಾಡಿಸಿಕೊಂಡವರು ಹಾಸನದಂಥ ಜಿಲ್ಲಾ ಕೇಂದ್ರದಲ್ಲಿದ್ದರೂ ರಕ್ತದಲ್ಲಿನ ಟ್ಯಾಕ್ರೋಲಿಮಸ್ ಔಷಧದ ಮಟ್ಟದ ಪರೀಕ್ಷೆಗಾಗಿ ಪ್ರತಿ ಸಲವೂ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ ಎಂಬುದು ದೊಡ್ಡ ಅನುಕೂಲವೇ ಸರಿ. ದೇಶದ ಅನೇಕ ಊರುಗಳಲ್ಲಿ ಶಾಖೆಗಳಿರುವ ಒಂದು ಪ್ರಯೋಗಾಲಯ ಸಂಸ್ಥೆಯ ಸ್ಥಳೀಯ ಸಂಗ್ರಹಣಾ ಕೇಂದ್ರದವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ನನ್ನ ಪತ್ನಿಯ ಪರೀಕ್ಷೆಯನ್ನು ಈಗ ಬಹುಮಟ್ಟಿಗೆ ಅವರಿಂದಲೇ ಮಾಡಿಸುತ್ತಿದ್ದೇವೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಎತ್ತಿ ತೋರಿಸಲಿರುವ ಕೊರತೆಗಳು ಈ ಬಗೆಯ ಯಾವ ಸೇವೆಯಲ್ಲಾದರೂ ಇರಬಹುದಾದಂಥವು. ಓದುಗರು ತಾವು ಬಳಸುತ್ತಿರುವ ಸೇವೆಯನ್ನು ಇದೇ ಒರೆಗೆ ಹಚ್ಚಿ ನೋಡಿಕೊಳ್ಳಲಿ ಎಂಬುದು ನನ್ನ ಆಶಯ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ರಕ್ತ ತೆಗೆಯುವವರ ಕೈ ಒಳ್ಳೆಯದು, ಪ್ರಯೋಗಾಲಯದ ಯಂತ್ರವೂ ಒಳ್ಳೆಯದು, ಆದರೆ ಈ ಪರೀಕ್ಷೆಯ ಜೀವಾಳವಾದ ಸಮಯದ ವಿಷಯದಲ್ಲಿ ಸಂಸ್ಥೆಗೆ ಹೊತ್ತು ಗೊತ್ತು ಸಾಲದು. ಐದಕ್ಕೆ ಮೂರು ಅಂಕ ಕೊಡಬಹುದು.

ಪರೀಕ್ಷೆ ಏಕೆ ಬೇಕು ಎಂಬುದನ್ನು ಹೊಸಬರಿಗಾಗಿ ಎರಡು ಮಾತಿನಲ್ಲಿ ಹೇಳುವುದು ಒಳ್ಳೆಯದು. ಕಸಿಯಾದ ಅಂಗವನ್ನು ದೇಹವು ಹೊರಗಿನದೆಂದು ಗುರುತಿಸಿ ದಾಳಿ ಮಾಡದಂತೆ ತಡೆಯುವ ಔಷಧಗಳಲ್ಲಿ ಟ್ಯಾಕ್ರೋಲಿಮಸ್ ಇಂದು ಮುಖ್ಯವಾದದ್ದು. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1984ರಲ್ಲಿ ಇದನ್ನು ಪತ್ತೆ ಮಾಡಲಾಯಿತು; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಯಕೃತ್ತಿನ ಕಸಿಗೆ 1994ರಲ್ಲಿಯೂ ಕಿಡ್ನಿ ಕಸಿಗೆ 1997ರಲ್ಲಿಯೂ ಇದಕ್ಕೆ ಅನುಮತಿ ನೀಡಿತು. ಇದರ ಹಿತವಾದ ಪ್ರಮಾಣಕ್ಕೂ ಅಹಿತವಾದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ರಕ್ತದಲ್ಲಿ ಅದು ಕಡಿಮೆಯಾದರೆ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸುವ ಅಪಾಯವಿದೆ; ಹೆಚ್ಚಾದರೆ ಕೈನಡುಕ, ರಕ್ತದಲ್ಲಿ ಸಕ್ಕರೆ ಮತ್ತು ಪೊಟ್ಯಾಸಿಯಂ ಏರುವುದು, ರಕ್ತದೊತ್ತಡ, ಸೋಂಕು, ಕೊನೆಗೆ ಯಾವ ಕಿಡ್ನಿಯನ್ನು ಕಾಯಲೆಂದು ಕೊಡುತ್ತೇವೋ ಅದಕ್ಕೇ ಪೆಟ್ಟು. ಜೊತೆಗೆ, ಒಂದೇ ತೂಕದ ಇಬ್ಬರಿಗೆ ಒಂದೇ ಪ್ರಮಾಣದ ಔಷಧ ಕೊಟ್ಟರೂ ರಕ್ತದಲ್ಲಿ ಕಾಣುವ ಮಟ್ಟ ಬೇರೆ ಬೇರೆಯಾಗಿರುತ್ತದೆ. ಇದನ್ನು ಕರಗಿಸುವ ಒಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಚುರುಕಾಗಿರುತ್ತದೆ. ಅಂಥವರಿಗೆ ಇತರರಿಗಿಂತ ಒಂದೂವರೆಯಿಂದ ಎರಡು ಪಟ್ಟು ಔಷಧ ಬೇಕಾಗುತ್ತದೆ. ಆದ್ದರಿಂದ ತೂಕ ನೋಡಿ ಆರಂಭಿಸಿದ ಪ್ರಮಾಣವನ್ನು ರಕ್ತ ನೋಡಿ ತಿದ್ದುತ್ತಾ ಹೋಗಬೇಕು, ಅಂಗ ಕೆಲಸ ಮಾಡುತ್ತಿರುವಷ್ಟು ಕಾಲವೂ.

ಈಗ ಸಮಯದ ವಿಷಯ. ಆಸ್ಪತ್ರೆಯವರು 'ಟ್ರಫ್ ಲೆವೆಲ್' ಎಂದು ಬರೆದುಕೊಡುವುದು ಹಿಂದಿನ ಡೋಸ್ ತೆಗೆದುಕೊಂಡು 12 ಗಂಟೆ ಕಳೆದ ಮೇಲೆ, ಮುಂದಿನ ಡೋಸ್ ತೆಗೆದುಕೊಳ್ಳುವುದಕ್ಕೆ ತುಸು ಮೊದಲು, ರಕ್ತದಲ್ಲಿ ಉಳಿದಿರುವ ಕನಿಷ್ಠ ಮಟ್ಟವನ್ನು. ದಿನಕ್ಕೆ ಒಂದೇ ಸಲ ತೆಗೆದುಕೊಳ್ಳುವ ನಿಧಾನ ಬಿಡುಗಡೆಯ ಕ್ಯಾಪ್ಸೂಲ್ ಆದರೆ ಅದು 24 ಗಂಟೆ. ನನ್ನ ಪತ್ನಿ ಬೆಳಿಗ್ಗೆ ಒಂಬತ್ತಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ರಕ್ತ ತೆಗೆಯಬೇಕಾದದ್ದು ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರೊಳಗೆ. ಸಂಸ್ಥೆಯ ಆ್ಯಪ್‌ನಲ್ಲಿ ಸಿಗುತ್ತಿದ್ದದ್ದು ಮಾತ್ರ 'ಆರರಿಂದ ಎಂಟು', 'ಎಂಟರಿಂದ ಹತ್ತು' ಎಂಬ ಎರಡೆರಡು ಗಂಟೆಗಳ ಅವಧಿಗಳು. ಎರಡನೆಯದನ್ನು ಆರಿಸಿಕೊಂಡರೆ ಹುಡುಗ ಎಂಟು ಗಂಟೆಗೆ ಬರಬಹುದು, ಹತ್ತಕ್ಕೂ ಬರಬಹುದು, ಟ್ರಾಫಿಕ್ಕು, ಮಳೆ, ಹಿಂದಿನ ಮನೆಯಲ್ಲಿ ತಡ ಎಂದು ಹತ್ತೂವರೆಗೂ ಬರಬಹುದು. ಸಕ್ಕರೆ ಅಥವಾ ಥೈರಾಯ್ಡ್ ಪರೀಕ್ಷೆಯಾಗಿದ್ದರೆ ಇದರಿಂದ ಕಾಫಿಗೆ ತಡವಾಗುತ್ತಿತ್ತು, ಅಷ್ಟೆ. ಇಲ್ಲಿ ಹಾಗಲ್ಲ. ಅವನಿಗಾಗಿ ಕಾದು ಕುಳಿತರೆ ಡೋಸ್ ತಡವಾಗುತ್ತದೆ, ಮಟ್ಟವೂ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಕಾಯಲಾರದೆ ಮಾತ್ರೆ ನುಂಗಿದರೆ ಇನ್ನೂ ಕಷ್ಟ, ಏಕೆಂದರೆ ನುಂಗಿದ ಒಂದರಿಂದ ಮೂರು ಗಂಟೆಯೊಳಗೆ ಔಷಧ ರಕ್ತದಲ್ಲಿ ತನ್ನ ಶಿಖರ ಮುಟ್ಟುತ್ತದೆ. ಆಗ ತೆಗೆದ ರಕ್ತದಲ್ಲಿ ಬಂದ ದೊಡ್ಡ ಸಂಖ್ಯೆಯನ್ನು ಟ್ರಫ್ ಎಂದು ನಂಬಿ ವೈದ್ಯರು ಪ್ರಮಾಣ ಇಳಿಸಿದರೆ, ಸರಿಯಾಗಿದ್ದ ರೋಗಿಯ ಔಷಧ ಕಡಿಮೆಯಾಗಿ ತಿರಸ್ಕಾರಕ್ಕೆ ದಾರಿಯಾದೀತು.

ಇದಕ್ಕೆ ಪರಿಹಾರವಾಗಿ ಸಂಸ್ಥೆಯ ಸಹಾಯವಾಣಿಯವರು ಕೊಡುವ ಸಲಹೆ 'ದಿನದ ಮೊದಲ ಸ್ಲಾಟ್ ತೆಗೆದುಕೊಳ್ಳಿ, ಆಗ ತಡವಾಗುವುದಿಲ್ಲ' ಎಂಬುದು. ಒಂಬತ್ತಕ್ಕೆ ಔಷಧ ತೆಗೆದುಕೊಳ್ಳುವವರ ರಕ್ತವನ್ನು ಬೆಳಿಗ್ಗೆ ಆರಕ್ಕೆ ತೆಗೆದರೆ ಅದು ಒಂಬತ್ತು ಗಂಟೆಯ ಮಟ್ಟವಾಗುತ್ತದೆ, ಹನ್ನೆರಡು ಗಂಟೆಯದಲ್ಲ. ಬೇಗ ಬರುವುದೂ ತಡವಾಗಿ ಬರುವಷ್ಟೇ ತಪ್ಪು ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡಲು ನನಗೆ ಸಾಧ್ಯವಾಗಿಲ್ಲ. ಖಾಲಿ ಹೊಟ್ಟೆಯ ಪರೀಕ್ಷೆಗಳ ಸುತ್ತ ಕಟ್ಟಿದ ವ್ಯವಸ್ಥೆ ಇದು. ಬೆಳಗಿನ ಜಾವವೇ ಎಲ್ಲಕ್ಕೂ ಶ್ರೇಷ್ಠವೆಂಬ ನಂಬಿಕೆ ಅದರ ಬುನಾದಿಯಲ್ಲಿದೆ. ಕೊನೆಗೆ ನೆಫ್ರಾಲಜಿ ವೈದ್ಯರನ್ನು ಕೇಳಿ, ಅವರು ಒಪ್ಪಿದ ಮೇಲೆ, ಔಷಧದ ಹೊತ್ತನ್ನೇ ಎಂಟು ಮತ್ತು ಎಂಟಕ್ಕೆ ಬದಲಿಸಿಕೊಂಡೆವು. ಸ್ಥಳೀಯ ಕೇಂದ್ರದ ಮೇಲ್ವಿಚಾರಕರೊಂದಿಗೆ ನೇರವಾಗಿ ಮಾತನಾಡಿ ಏಳೂವರೆಗೆ ಬರುವಂತೆ ಗೊತ್ತು ಮಾಡಿಕೊಂಡಿದ್ದೇವೆ. ಆ್ಯಪ್‌ನಿಂದಾಗದ ಕೆಲಸ ಒಂದು ಫೋನಿನಿಂದ ಆಗುತ್ತದೆ ಎನ್ನುವುದು ಆ ಮೇಲ್ವಿಚಾರಕರ ಹಿರಿಮೆ, ಸಂಸ್ಥೆಯದಲ್ಲ. ಹಣ ಕೊಟ್ಟು ಸೇವೆ ಪಡೆಯುವ ರೋಗಿಯೇ ತನ್ನ ಔಷಧದ ವೇಳೆಯನ್ನು ಸೇವೆಗೆ ಹೊಂದಿಸಿಕೊಳ್ಳಬೇಕಾಗಿ ಬಂದದ್ದಕ್ಕೆ ನಾನು ಒಂದು ಅಂಕ ಕಳೆದಿದ್ದೇನೆ.

ಇನ್ನೊಂದು ಅಂಕ ಕಳೆದದ್ದು ಪರೀಕ್ಷೆಯ ಹಿಂದಿನ ಸಂಜೆ ಮೊಬೈಲಿಗೆ ಬರುವ ಸಂದೇಶಕ್ಕಾಗಿ. ಹತ್ತರಿಂದ ಹನ್ನೆರಡು ಗಂಟೆ ಉಪವಾಸವಿರಿ, ನೀರು ಕುಡಿಯಬಹುದು, ನಿಮ್ಮ ದಿನನಿತ್ಯದ ಔಷಧಗಳನ್ನು ಎಂದಿನಂತೆ ತೆಗೆದುಕೊಳ್ಳಬಹುದು ಎಂಬ ಅರ್ಥದ ಈ ಸಂದೇಶ ಎಲ್ಲ ಪರೀಕ್ಷೆಗಳಿಗೂ ಒಂದೇ. ರಕ್ತದೊತ್ತಡದ ಮಾತ್ರೆಗೆ ಸರಿಹೋಗುವ ಈ ಮಾತು ಟ್ಯಾಕ್ರೋಲಿಮಸ್ ಪರೀಕ್ಷೆಗೆ ಹೊರಟವರಿಗೆ ನೇರವಾಗಿ ದಾರಿ ತಪ್ಪಿಸುವಂಥದ್ದು. ಆಸ್ಪತ್ರೆಯಲ್ಲಿ ಕಸಿ ಸಂಯೋಜಕರು ತಿದ್ದಿ ತೀಡಿ ಕಲಿಸಿದ್ದರಿಂದ ನಮ್ಮ ಮನೆಯಲ್ಲಿ ತೊಂದರೆಯಾಗಲಿಲ್ಲ. ಆದರೆ ಹಳ್ಳಿಯಿಂದ ಬಂದ, ವಯಸ್ಸಾದ, ಮೊಬೈಲಿನಲ್ಲಿ ಬಂದದ್ದೇ ವೈದ್ಯರ ಮಾತೆಂದು ತಿಳಿಯುವ ರೋಗಿ ಇದನ್ನು ಓದಿದರೆ ಗತಿಯೇನು? ಟ್ಯಾಕ್ರೋಲಿಮಸ್ ಮತ್ತು ಕಸಿಯಾದವರಿಗೆ ಕೊಡುವ ಅದೇ ಬಗೆಯ ಔಷಧಗಳಾದ ಸೈಕ್ಲೋಸ್ಪೋರಿನ್, ಸಿರೋಲಿಮಸ್, ಎವೆರೋಲಿಮಸ್ ಪರೀಕ್ಷೆಗಳಿಗೆ ಮಾತ್ರ 'ರಕ್ತ ತೆಗೆದ ಮೇಲೆಯೇ ಈ ಔಷಧದ ಬೆಳಗಿನ ಡೋಸ್ ತೆಗೆದುಕೊಳ್ಳಿ' ಎಂಬ ಬೇರೆ ಸಂದೇಶ ಕಳುಹಿಸುವುದು ಕಷ್ಟದ ಕೆಲಸವಲ್ಲ. ಸೈಕ್ಲೋಸ್ಪೋರಿನ್‌ಗೆ ಕೆಲವು ವೈದ್ಯರು ಡೋಸ್ ಆದ ಎರಡು ಗಂಟೆಯ ನಂತರದ ಮಟ್ಟವನ್ನು ಕೇಳುವುದುಂಟು. ಅದಕ್ಕೂ ಸಂದೇಶದಲ್ಲಿ ಜಾಗ ಬೇಕು. ಇದನ್ನು ಬರೆದು ತಿಳಿಸಿದ್ದೇನೆ. ಧನ್ಯವಾದದ ಉತ್ತರ ಬಂದಿದೆ, ಜೊತೆಗೆ ಪೂರ್ಣ ದೇಹ ತಪಾಸಣೆಯ ರಿಯಾಯಿತಿ ಜಾಹೀರಾತೂ ಬಂದಿದೆ.

ರಕ್ತ ತೆಗೆಯುವವರ ಬಗ್ಗೆ ನನ್ನಲ್ಲಿ ಒಳ್ಳೆಯ ಮಾತುಗಳೇ ಇವೆ. ಬರುವ ಇಬ್ಬರೂ ಮುಖಗವಸು ಹಾಕಿಕೊಂಡು, ಕೈ ತೊಳೆದುಕೊಂಡು, ರೋಗಿಯ ಕಣ್ಣೆದುರಿಗೇ ಹೊಸ ಸೂಜಿಯ ಪೊಟ್ಟಣ ಒಡೆಯುತ್ತಾರೆ. ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿಕೊಂಡಿರುವವರ ಮನೆಯಲ್ಲಿ ಇದು ಶಿಷ್ಟಾಚಾರದ ಮಾತಲ್ಲ, ಅಗತ್ಯ. ಡಯಾಲಿಸಿಸ್ ಕಾಲದ ಫಿಸ್ಟುಲಾ (ರಕ್ತನಾಳಗಳನ್ನು ಶಸ್ತ್ರಚಿಕಿತ್ಸೆಯಿಂದ ಕೂಡಿಸಿದ ಜಾಗ) ಇರುವ ಕೈಗೆ ಪಟ್ಟಿ ಬಿಗಿಯಬಾರದು, ಅದರಿಂದ ರಕ್ತ ತೆಗೆಯಬಾರದು ಎಂಬುದು ಹಿರಿಯವರಿಗೆ ಹೇಳದೆಯೇ ಗೊತ್ತಿತ್ತು. ಕಿರಿಯವರಿಗೆ ಒಮ್ಮೆ ಹೇಳಬೇಕಾಯಿತು, ಮುಂದಿನ ಸಲ ಅವರೇ ಕೇಳಿ ಬಲಗೈ ಹಿಡಿದರು. ಟ್ಯೂಬಿನ ಆಯ್ಕೆಯಲ್ಲೂ ಇಬ್ಬರೂ ತಪ್ಪಿಲ್ಲ. ಟ್ಯಾಕ್ರೋಲಿಮಸ್‌ನ ಬಹುಪಾಲು ಕೆಂಪು ರಕ್ತಕಣಗಳಿಗೆ ಅಂಟಿಕೊಂಡಿರುವುದರಿಂದ ಅದನ್ನು ಇಡೀ ರಕ್ತದಲ್ಲೇ ಅಳೆಯಬೇಕು. ಆದ್ದರಿಂದ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರುವ ನೇರಳೆ ಮುಚ್ಚಳದ ಟ್ಯೂಬು ಬೇಕು. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್‌ ಪರೀಕ್ಷೆಗೆ ಬಳಸುವ ಹಳದಿ ಅಥವಾ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಸೀರಮ್ಮಿನಲ್ಲಿ ಈ ಔಷಧವನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ಮನೆಯವರು ಮುಚ್ಚಳದ ಬಣ್ಣವನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ ಯಾರಿಗೂ ಅವಮಾನವಿಲ್ಲ.

ಸಾಗಣೆಯ ಬಗ್ಗೆ ಮೊದಲು ನನಗಿದ್ದ ಆತಂಕ ಈಗಿಲ್ಲ. ಹಾಸನದಿಂದ ಮಾದರಿ ತಂಪು ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಹೋಗುತ್ತದೆ. ಇಡಿಟಿಎ ಟ್ಯೂಬಿನ ರಕ್ತದಲ್ಲಿ ಟ್ಯಾಕ್ರೋಲಿಮಸ್ ಸುಲಭವಾಗಿ ಕೆಡುವ ವಸ್ತುವಲ್ಲ, ಶೈತ್ಯದಲ್ಲಿಟ್ಟರೆ ಕೆಲವು ದಿನ ಹಾಗೆಯೇ ಉಳಿಯುತ್ತದೆ. ಜಾಹೀರಾತಿನಲ್ಲಿ ಐಸ್ ಪೆಟ್ಟಿಗೆಯ ಚಿತ್ರವನ್ನು ದೊಡ್ಡದಾಗಿ ತೋರಿಸುವ ಸಂಸ್ಥೆ ಗಡಿಯಾರದ ಬಗ್ಗೆ ಒಂದು ಸಾಲೂ ಬರೆಯದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ತೊಂದರೆ ಇರುವುದು ವರದಿ ಬರುವ ವೇಗದಲ್ಲಿ: ವಾರದ ನಡುವೆ ಕೊಟ್ಟರೆ ಮರುದಿನ ರಾತ್ರಿಯೊಳಗೆ ಬರುತ್ತದೆ, ಶನಿವಾರ ಕೊಟ್ಟರೆ ಸೋಮವಾರದ ಸಂಜೆಯಾದರೂ ಆಗುತ್ತದೆ. ಡೋಸ್ ಬದಲಿಸಿದ ಮೇಲೆ ಮಟ್ಟ ನೆಲೆಗೊಳ್ಳಲು ಎರಡು ಮೂರು ದಿನ ಬೇಕು. ಆಮೇಲೆ ಪರೀಕ್ಷೆ, ಆಮೇಲೆ ವರದಿಗಾಗಿ ಕಾಯುವಿಕೆ, ಆಮೇಲೆ ವೈದ್ಯರ ನಿರ್ಧಾರ. ಕಸಿಯಾದ ಮೊದಲ ಮೂರು ತಿಂಗಳಲ್ಲಿ ಈ ಸರಪಳಿಗೆ ಒಂದು ದಿನ ಹೆಚ್ಚಾಗುವುದೂ ದುಬಾರಿಯೇ. ಆ ಅವಧಿಯಲ್ಲಿ ಬೆಂಗಳೂರಿನಲ್ಲೇ ಬಾಡಿಗೆಗೆ ಇದ್ದು, ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ಸಂಖ್ಯೆ ತಿಳಿಯುವ ಆಸ್ಪತ್ರೆಯ ಪ್ರಯೋಗಾಲಯವನ್ನೇ ಬಳಸಿದ್ದು ಸರಿಯಾಯಿತು.

ಎರಡೂ ಕಡೆ ಪರೀಕ್ಷೆ ಮಾಡಿಸುವವರು ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ಆಸ್ಪತ್ರೆಯ ಯಂತ್ರ ಪ್ರತಿಕಾಯಗಳ ನೆರವಿನಿಂದ ಔಷಧವನ್ನು ಗುರುತಿಸುವ ಇಮ್ಯುನೋಅಸ್ಸೇ ವಿಧಾನದ್ದು. ಈ ಸಂಸ್ಥೆಯ ಕೇಂದ್ರ ಪ್ರಯೋಗಾಲಯದ್ದು ಅಣುವಿನ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್/ಎಂಎಸ್ ವಿಧಾನ. ಮೊದಲನೆಯದು ಔಷಧ ಒಡೆದು ಹುಟ್ಟಿದ ತುಣುಕುಗಳನ್ನೂ ಒಂದಿಷ್ಟು ಔಷಧವೆಂದೇ ಎಣಿಸುವುದರಿಂದ ಸಾಮಾನ್ಯವಾಗಿ ಸಂಖ್ಯೆ ತುಸು ಹೆಚ್ಚು ಬರುತ್ತದೆ. ಎರಡನೆಯದು ಹೆಚ್ಚು ನಿಖರವೆಂದು ಪರಿಗಣಿತವಾಗಿದೆ, ಈ ಸೇವೆಯ ಬಗ್ಗೆ ನಾನು ಅತ್ಯಂತ ಮೆಚ್ಚುವುದೂ ಅದನ್ನೇ. ಆದರೆ ವಿಧಾನ ಬದಲಾದದ್ದನ್ನು ತಿಳಿಯದ ವೈದ್ಯರು, ಕಳೆದ ತಿಂಗಳ ಆಸ್ಪತ್ರೆಯ ಸಂಖ್ಯೆಯ ಪಕ್ಕದಲ್ಲಿ ಈ ತಿಂಗಳ ಮನೆಯ ಸಂಖ್ಯೆಯನ್ನಿಟ್ಟು ಮಟ್ಟ ಇಳಿದಿದೆ ಎಂದು ಭಾವಿಸಿ ಡೋಸ್ ಏರಿಸಿದರೆ, ಆ ನಿಖರತೆಯೇ ಕೇಡಾಗುತ್ತದೆ. ನಮ್ಮ ವೈದ್ಯರ ಸೂಚನೆಯಂತೆ ಒಂದೇ ವೇಳೆಯಲ್ಲಿ ತೆಗೆದ ರಕ್ತವನ್ನು ಒಮ್ಮೆ ಎರಡೂ ಕಡೆಗೆ ಕಳುಹಿಸಿದೆವು. ವ್ಯತ್ಯಾಸ ನಿರೀಕ್ಷೆಯಂತೆಯೇ ಇತ್ತು. ಅದನ್ನು ಕಡತದಲ್ಲಿ ಬರೆದಿಟ್ಟ ಮೇಲೆ ಒಂದೇ ಕಡೆ ಮಾಡಿಸಬೇಕೆಂದು ತೀರ್ಮಾನವಾಯಿತು. ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಬಗ್ಗೆಯೂ ಒಂದು ಮಾತು: ಮಾನ್ಯತೆ ದೊರೆಯುವುದು ಪರೀಕ್ಷೆವಾರು, ಪ್ರಯೋಗಾಲಯದ ಗೋಡೆಯ ಮೇಲೆ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಟ್ಯಾಕ್ರೋಲಿಮಸ್ ಅದರ ವ್ಯಾಪ್ತಿಯಲ್ಲಿದೆ ಎಂದಾಗುವುದಿಲ್ಲ. ಇಲ್ಲಿ ಕೇಳಿದಾಗ ಪಟ್ಟಿಯನ್ನು ತಡಮಾಡದೆ ಕಳುಹಿಸಿದರು, ಟ್ಯಾಕ್ರೋಲಿಮಸ್ ಅದರಲ್ಲಿತ್ತು.

ವರದಿಯ ಹಾಳೆ ನೋಡಲು ಚೆನ್ನಾಗಿದೆ, ವಿಧಾನದ ಹೆಸರು ಮುದ್ರಿತವಾಗಿದೆ, ಹಳೆಯ ಸಂಖ್ಯೆಗಳ ನಕ್ಷೆಯೂ ಇದೆ. ಆದರೆ ಸಂಖ್ಯೆಯ ಪಕ್ಕದಲ್ಲಿ 'ಪ್ರತಿ ಮಿಲಿಲೀಟರಿಗೆ 5ರಿಂದ 20 ನ್ಯಾನೋಗ್ರಾಂ' ಎಂಬ ವ್ಯಾಪ್ತಿಯನ್ನು ಎಲ್ಲರಿಗೂ ಸಮಾನವಾಗಿ ಮುದ್ರಿಸಿರುವುದು ಉಪಯೋಗಕ್ಕಿಂತ ಉಪದ್ರವವೇ ಹೆಚ್ಚು. ಕಸಿಯಾದ ಅಂಗ ಯಾವುದು, ಎಷ್ಟು ತಿಂಗಳಾಗಿವೆ, ಜೊತೆಗೆ ಯಾವ ಔಷಧಗಳಿವೆ, ತಿರಸ್ಕಾರದ ಅಪಾಯ ಎಷ್ಟು ಎಂಬುದರ ಮೇಲೆ ಗುರಿ ನಿರ್ಧಾರವಾಗುತ್ತದೆ. ಆರಂಭದ ತಿಂಗಳುಗಳಲ್ಲಿ ಹೆಚ್ಚಾಗಿರುವ ಗುರಿಯನ್ನು ಕಾಲ ಕಳೆದಂತೆ ಇಳಿಸುತ್ತಾರೆ. ಐದರಿಂದ ಎಂಟರೊಳಗೆ ಇರಲಿ ಎಂದು ವೈದ್ಯರು ಹೇಳಿರುವ ರೋಗಿಗೆ 14 ಬಂದರೂ ಈ ಹಾಳೆಯಲ್ಲಿ ಕೆಂಪು ಗುರುತು ಬೀಳುವುದಿಲ್ಲ, ಎಲ್ಲ ಸರಿಯಿದೆ ಎಂಬಂತೆ ಹಸಿರು ಪಟ್ಟಿಯಲ್ಲಿ ಕುಳಿತಿರುತ್ತದೆ. ಹಸಿರನ್ನು ನೋಡಿ ನಿಶ್ಚಿಂತರಾಗಿ ವೈದ್ಯರಿಗೆ ವರದಿ ಕಳುಹಿಸುವುದನ್ನೇ ಮುಂದೂಡುವವರು ಇರುತ್ತಾರೆ. ಇನ್ನು ರಕ್ತ ತೆಗೆದ ವೇಳೆ ಹಾಳೆಯ ಮೂಲೆಯಲ್ಲಿ ಇದೆಯಾದರೂ ಹಿಂದಿನ ಡೋಸ್ ತೆಗೆದುಕೊಂಡ ವೇಳೆಗೆ ಜಾಗವೇ ಇಲ್ಲ. ಎರಡೂ ಇಲ್ಲದಿದ್ದರೆ ಸಂಖ್ಯೆಗೆ ಅರ್ಥವಿಲ್ಲ. ನಾವು ವೈದ್ಯರಿಗೆ ವರದಿ ಕಳುಹಿಸುವಾಗ 'ಹಿಂದಿನ ಡೋಸ್ ರಾತ್ರಿ 8, ರಕ್ತ ಬೆಳಿಗ್ಗೆ 7.40' ಎಂದು ಕೈಯಾರೆ ಬರೆದು ಸೇರಿಸುತ್ತೇವೆ.

ನೋಂದಣಿಯ ನಮೂನೆಯಲ್ಲಿ ಕೇಳಬೇಕಾದ, ಆದರೆ ಕೇಳದ ಪ್ರಶ್ನೆಗಳು ಇನ್ನೂ ಇವೆ. ಇತ್ತೀಚೆಗೆ ಭೇದಿಯಾಗಿತ್ತೇ ಎಂಬುದು ಮೊದಲನೆಯದು. ಭೇದಿಯಾದಾಗ ಔಷಧ ಹೊರಟುಹೋಗಿ ಮಟ್ಟ ಇಳಿಯುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಟ್ಯಾಕ್ರೋಲಿಮಸ್ ವಿಷಯದಲ್ಲಿ ಆಗುವುದು ಅದರ ಹಿಮ್ಮುಖ. ಸಾಮಾನ್ಯ ಸ್ಥಿತಿಯಲ್ಲಿ ಕರುಳಿನ ಒಳಪದರದ ಕಿಣ್ವಗಳು ಈ ಔಷಧದ ದೊಡ್ಡ ಪಾಲನ್ನು ಅಲ್ಲಿಯೇ ಒಡೆದು ಹಾಕುತ್ತವೆ. ಭೇದಿಯಿಂದ ಆ ಪದರ ನೊಂದಾಗ ತಡೆಯುವವರಿಲ್ಲದೆ ಹೆಚ್ಚು ಔಷಧ ರಕ್ತ ಸೇರಿ ಮಟ್ಟ ಏರುತ್ತದೆ. ಎರಡನೆಯದು ಹೊಸ ಔಷಧಗಳ ಪ್ರಶ್ನೆ. ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಆ್ಯಂಟಿಬಯಾಟಿಕ್ ಆದ ಕ್ಲಾರಿಥ್ರೋಮೈಸಿನ್, ರಕ್ತದೊತ್ತಡದ ಡಿಲ್ಟಿಯಾಜೆಮ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಫೆನಿಟಾಯಿನ್ ಇಳಿಸುತ್ತವೆ, ರಿಫಾಂಪಿಸಿನ್ ಅಂತೂ ಪಾತಾಳಕ್ಕೆ. ಔಷಧದ ಬ್ರ್ಯಾಂಡ್ ಬದಲಾಗಿದೆಯೇ ಎಂಬುದು ಮೂರನೆಯದು. ಅಂಗಡಿಯಲ್ಲಿ ಪ್ಯಾನ್‌ಗ್ರಾಫ್ ಮುಗಿದಿದೆಯೆಂದು ಬೇರೆ ಕಂಪನಿಯದನ್ನು ಕೊಟ್ಟಾಗ ವೈದ್ಯರಿಗೆ ತಿಳಿಸಿ ಮತ್ತೆ ಮಟ್ಟ ನೋಡಬೇಕಾಗುತ್ತದೆ. ವರದಿಯೊಂದಿಗೆ ಬರುವ ಆಹಾರ ಸೂಚನೆಯ ಹಾಳೆಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂದಿದೆ. ಹಾಸನದಲ್ಲಿ ಅದನ್ನು ತಿನ್ನುವವರನ್ನು ನಾನು ಕಂಡಿಲ್ಲ. ಅದೇ ಗುಣದ, ಅದೇ ಕಿಣ್ವವನ್ನು ತಡೆಯುವ ಚಕ್ಕೋತದ ಹೆಸರು ಮಾತ್ರ ಆ ಹಾಳೆಯಲ್ಲಿಲ್ಲ; ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇರುವ ನಾಡಿನಲ್ಲಿ ಇದು ಸಣ್ಣ ಲೋಪವಲ್ಲ.

ಬೆಲೆ ಸಾವಿರಗಳ ಲೆಕ್ಕದಲ್ಲಿದೆ, ಮನೆಭೇಟಿಯ ಶುಲ್ಕ ಬೇರೆ. ಬೆಂಗಳೂರಿಗೆ ಇಬ್ಬರು ಹೋಗಿಬರುವ ಖರ್ಚು, ಒಂದು ದಿನದ ರಜೆ, ಆಸ್ಪತ್ರೆಯ ಕಾಯುವ ಕೋಣೆಯ ಜನಜಂಗುಳಿಯಲ್ಲಿ ತಗುಲಬಹುದಾದ ನೆಗಡಿ ಕೆಮ್ಮುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು ಹೆಚ್ಚೆನಿಸುವುದಿಲ್ಲ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೆಗ್ನೀಸಿಯಂ, ಸಕ್ಕರೆ, ರಕ್ತಕಣಗಳ ಎಣಿಕೆ ಸೇರಿದ ಪ್ಯಾಕೇಜ್ ಬಿಡಿಬಿಡಿಯಾಗಿ ಮಾಡಿಸುವುದಕ್ಕಿಂತ ಅಗ್ಗ, ಅದನ್ನೇ ಆರಿಸುವುದು ಒಳ್ಳೆಯದು. ಕ್ರಿಯಾಟಿನಿನ್ ಏರಿದಾಗ ಟ್ಯಾಕ್ರೋಲಿಮಸ್ ಸಹ ಏರಿದ್ದರೆ ವೈದ್ಯರ ಅನುಮಾನ ಔಷಧದ ವಿಷಪರಿಣಾಮದ ಕಡೆಗೂ, ಅದು ಇಳಿದಿದ್ದರೆ ತಿರಸ್ಕಾರದ ಕಡೆಗೂ ಹೋಗುತ್ತದೆ. ಒಂದೇ ಬೆಳಗಿನ ಎರಡು ಸಂಖ್ಯೆಗಳು ಕೈಯಲ್ಲಿದ್ದರೆ ಅವರ ಕೆಲಸ ಸುಲಭ. ರಕ್ತಹೀನತೆ ಇದ್ದಾಗ ಇಡೀ ರಕ್ತದಲ್ಲಿನ ಮಟ್ಟ ಕಡಿಮೆಯಾಗಿ ಕಾಣಬಹುದಾದ್ದರಿಂದ ಹಿಮೋಗ್ಲೋಬಿನ್ ಪಕ್ಕದಲ್ಲಿರುವುದೂ ಉಪಯುಕ್ತ. ತಪ್ಪು ವೇಳೆಯಲ್ಲಿ ತೆಗೆದ ಮಾದರಿಗೆ ಮರುಪರೀಕ್ಷೆಯನ್ನು ಉಚಿತವಾಗಿ ಮಾಡಿಕೊಡುವ ನಿಯಮ ಮಾತ್ರ ಇವರಲ್ಲಿಲ್ಲ. ಟ್ಯೂಬ್ ಒಡೆದರೆ ಅಥವಾ ರಕ್ತ ಹೆಪ್ಪುಗಟ್ಟಿದರೆ ಮಾತ್ರ ಉಚಿತ. ಸಂಗ್ರಾಹಕರು ಕೊಟ್ಟ ಮಾತಿಗಿಂತ ಅರ್ಧ ಗಂಟೆಗೂ ಹೆಚ್ಚು ತಡವಾಗಿ ಬಂದರೆ ಆ ದಿನ ರಕ್ತ ಕೊಡದೆ, ಡೋಸ್ ತೆಗೆದುಕೊಂಡು, ಭೇಟಿಯನ್ನು ಮುಂದೂಡಿಸುವುದೇ ಮೇಲು. ಹಾಗೆ ಮುಂದೂಡುವುದಕ್ಕೆ ಇವರು ಶುಲ್ಕ ವಿಧಿಸುವುದಿಲ್ಲ.

ಕಸಿಯಾಗಿ ಕೆಲವು ತಿಂಗಳು ಕಳೆದು, ಡೋಸ್ ಸ್ಥಿರವಾಗಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮಟ್ಟ ನೋಡಿಸಿದರೆ ಸಾಕೆಂದು ವೈದ್ಯರು ಹೇಳಿರುವ ಹೊರಜಿಲ್ಲೆಯ ರೋಗಿಗಳಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡುತ್ತೇನೆ. ಹೊಸದಾಗಿ ಕಸಿಯಾದವರು, ಜ್ವರ ಅಥವಾ ಭೇದಿಯಿಂದ ಬಳಲುತ್ತಿರುವವರು, ಕ್ರಿಯಾಟಿನಿನ್ ಏರುತ್ತಿರುವವರು ಇದಕ್ಕಾಗಿ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸಿ ಅಂಚೆಯಲ್ಲಿ ಕಳುಹಿಸುವ ಕ್ರಮ ಯುರೋಪಿನ ಕೆಲವು ಕಸಿ ಕೇಂದ್ರಗಳಲ್ಲಿದೆ. ರೋಗಿಯೇ ಸರಿಯಾದ ಗಳಿಗೆಗೆ ತನ್ನ ಬೆರಳು ಚುಚ್ಚಿಕೊಳ್ಳುವುದರಿಂದ ಕಾಯುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಇಂಥದ್ದನ್ನು ಈ ಸಂಸ್ಥೆ ತಂದರೆ ಮೊದಲ ಗ್ರಾಹಕರು ನಾವೇ. ಸದ್ಯಕ್ಕೆ, ಬಳಸಲು ಹೊರಟವರು ಆ್ಯಪ್‌ನಲ್ಲಿ ನೋಂದಾಯಿಸಿದ ಕೂಡಲೇ ಸ್ಥಳೀಯ ಕೇಂದ್ರಕ್ಕೆ ಫೋನ್ ಮಾಡಿ ನಿಖರವಾದ ವೇಳೆಯನ್ನು ಹೇಳಲಿ, ಮಂಗಳವಾರ ಅಥವಾ ಬುಧವಾರವನ್ನು ಆರಿಸಿಕೊಳ್ಳಲಿ. ಗೌರಿ ಗಣೇಶ ಮತ್ತು ದೀಪಾವಳಿಯ ವಾರಗಳಲ್ಲಿ ಕೇಂದ್ರ ಮುಚ್ಚಿರುವ ದಿನಗಳು ಆ್ಯಪ್‌ನಲ್ಲಿ ಕಾಣುವುದಿಲ್ಲವಾದ್ದರಿಂದ ಅವನ್ನೂ ಅದೇ ಫೋನಿನಲ್ಲಿ ಕೇಳಿಕೊಳ್ಳಲಿ.